ತಾನೇ ತಿರುಗುವ ಸ್ಟೀರಿಂಗ್

ಕೇಳುಗರೇ, ನಮಸ್ಕಾರ. ಎರಡು ಕಾರುಗಳ ನಡುವಿನ ಜಾಗಕ್ಕೆ ಹಿಮ್ಮುಖವಾಗಿ ಕಾರು ತೂರಿಸುವುದು ನನಗೆ ಇಂದಿಗೂ ಒಲಿಯದ ವಿದ್ಯೆ. ಹಿಂದಿನವರು ಹಾರ್ನ್ ಒತ್ತಿದರಂತೂ ಎಡಬಲಗಳೇ ಮರೆತುಹೋಗುತ್ತವೆ. ಹಾಗಾಗಿ, ತಾನೇ ಪಾರ್ಕಿಂಗ್ ಮಾಡಿಕೊಳ್ಳುವ ಕಾರಿನಲ್ಲಿ ಯಾರ ಕೈಯೂ ತಾಗದೆ ಗರಗರನೆ ತಿರುಗುವ ಸ್ಟೀರಿಂಗನ್ನು ಮೊದಲ ಸಲ ಕಂಡಾಗ ಬೆರಗಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಜಾಗ ಹುಡುಕುವ ಕೆಲಸ ಬಹುಮಟ್ಟಿಗೆ ಕಾರಿನ ಕಿವಿಯದು. ಬಂಪರ್‌ನಲ್ಲಿ ಪುಟ್ಟ ಗುಂಡಿಗಳಂತೆ ಕಾಣುವ ಸೆನ್ಸರ್‌ಗಳು ನಮಗೆ ಕೇಳಿಸದ ಶಬ್ದ ಹೊರಡಿಸಿ, ಅದರ ಮಾರ್ದನಿಗೆ ಕಾಯುತ್ತವೆ. ಒಂದು ಮೀಟರ್ ದೂರದ ವಸ್ತುವಿಗೆ ತಾಗಿ ಶಬ್ದ ಮರಳಲು ಸುಮಾರು 6 ಮಿಲಿಸೆಕೆಂಡ್ ಸಾಕು. ನಿಂತ ಕಾರುಗಳ ಪಕ್ಕದಲ್ಲಿ ನಿಧಾನವಾಗಿ ಸಾಗುವಾಗ ಮಾರ್ದನಿ ಬೇಗ ಬೇಗ ಬರುತ್ತಿರುತ್ತದೆ. ಒಮ್ಮೆಲೇ ತಡವಾದರೆ ಅಲ್ಲಿ ಜಾಗ ತೆರೆದುಕೊಂಡಿತೆಂದು ಅರ್ಥ. ಮತ್ತೆ ಬೇಗ ಬಂದರೆ ಮುಗಿಯಿತೆಂದು ಅರ್ಥ. ಅಷ್ಟರಲ್ಲಿ ಚಕ್ರ ಎಷ್ಟು ಉರುಳಿತೋ ಅದೇ ಜಾಗದ ಉದ್ದ. ಕ್ಯಾಮೆರಾ ಇಲ್ಲದೆ ಶಬ್ದವನ್ನೇ ನಂಬಿದ ಕಾರಿಗೆ ಖಾಲಿ ಮೈದಾನದಲ್ಲಿ ನಿಲ್ಲಲು ಜಾಗವೇ ಸಿಗುವುದಿಲ್ಲ, ಅಕ್ಕಪಕ್ಕದಲ್ಲಿ ಯಾರಾದರೂ ಇರಲೇಬೇಕು! ನೆಲದ ಮೇಲೆ ಬಳಿದ ಗೆರೆಗಳನ್ನು ಗುರುತಿಸುವುದು ಕ್ಯಾಮೆರಾದ ಕೆಲಸ.

ಇನ್ನು ಒಳಗೆ ಹೋಗುವುದು. ಸಾಮಾನ್ಯ ಕಾರಿನ ಹಿಂದಿನ ಚಕ್ರಗಳು ಪಕ್ಕಕ್ಕೆ ತಿರುಗುವುದಿಲ್ಲವಾದ್ದರಿಂದ ಕಾರು ಅಡ್ಡಡ್ಡ ಸರಿಯಲಾರದು. ಒಂದು ಬಾಗು, ಅದರ ಬೆನ್ನಿಗೇ ಎದುರು ಬಾಗು, ಹೀಗೆ ಹಾವಿನಂತೆ ಬಳುಕಿ ಒಳಸೇರಬೇಕು. ಮೊದಲ ಬಾಗು ಎಲ್ಲಿ ಮುಗಿಯಬೇಕೆಂದು ಅಂದಾಜಿಸುವಲ್ಲೇ ನನ್ನಂಥವರು ಎಡವುವುದು. ಕಂಪ್ಯೂಟರ್ ಹಿಮ್ಮುಖ ಹೊರಡುವ ಮೊದಲೇ ಇಡೀ ದಾರಿಯನ್ನು ಲೆಕ್ಕಹಾಕಿಕೊಂಡು, ಹೋಗುತ್ತಾ ತಿದ್ದಿಕೊಳ್ಳುತ್ತದೆ. ಸ್ಟೀರಿಂಗ್ ತಿರುಗಿಸುವುದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಮೋಟಾರು, ದಿನನಿತ್ಯ ನಮ್ಮ ತೋಳಿಗೆ ನೆರವಾಗುವ ಅದೇ ಮೋಟಾರು.

2003ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಕಾರಿನೊಡನೆ ಇಂಥ ಸೌಲಭ್ಯ ಮಾರುಕಟ್ಟೆಗೆ ಬಂದಾಗ ಸ್ಟೀರಿಂಗ್ ಕಾರಿನದು, ಬ್ರೇಕ್ ಚಾಲಕರದಾಗಿತ್ತು. ಈಗ ಕೆಲವು ಕಾರುಗಳು ಗೇರು, ಬ್ರೇಕು, ವೇಗವನ್ನೂ ತಾವೇ ನಿಭಾಯಿಸುತ್ತವೆ. ಆದರೂ ನಾನು ಬ್ರೇಕಿನ ಮೇಲಿನ ಕಾಲು ತೆಗೆಯುವುದಿಲ್ಲ. ತೆಳ್ಳನೆಯ ಕಂಬ ಸದ್ದನ್ನು ಸರಿಯಾಗಿ ಮರಳಿಸದು, ಓರೆ ಮೈ ಅದನ್ನು ಬೇರೆಡೆಗೆ ತಿರುಗಿಸುತ್ತದೆ, ಮೆತ್ತನೆಯ ಬಟ್ಟೆ ನುಂಗಿಬಿಡುತ್ತದೆ. ಸೆನ್ಸರ್ ಮೇಲೆ ಕೆಸರು ಮೆತ್ತಿದ್ದರಂತೂ ಕಾರಿಗೆ ಕಿವುಡು ಬಡಿದಂತೆಯೇ. ಮಳೆಯಲ್ಲಿ ಓಡಾಡಿ ಬಂದಿದ್ದರೆ, ಪಾರ್ಕಿಂಗ್ ಗುಂಡಿ ಒತ್ತುವ ಮೊದಲು ಇಳಿದು ಒಮ್ಮೆ ಬಂಪರ್ ಒರೆಸಿಬಿಡಿ. ನಮಸ್ಕಾರ.