ಪಾಪರ್ ಆಗುವ ಮುಂಚೆ ಕೈ ಹಾಕಬಾರದ ಸ್ವತ್ತುಗಳು

ಕೇಳುಗರಿಗೆ ನಮಸ್ಕಾರ.

ತಿಂಗಳ ಐದನೇ ತಾರೀಕು ಬಂತೆಂದರೆ ಎದೆ ಧಸಕ್ಕೆನ್ನುವವರು, ಫೋನನ್ನು ಸೈಲೆಂಟ್‌ಗೆ ಹಾಕಿ ದಿಂಬಿನಡಿ ಇಡುವವರು, ಒಂದು ಕೈಸಾಲ ತೀರಿಸಲು ಇನ್ನೊಂದು ಕೈಸಾಲ ಮಾಡಿದವರು, ಈ ಹೊತ್ತಿನ ಮಾತು ನಿಮಗೆ. ಸಾಲ ಯಾಕೆ ಮಾಡಿದಿರಿ ಅಂತ ಕೇಳಲು ನಾನು ಬಂದಿಲ್ಲ. ಹೇಳುವುದು ಒಂದೇ: ಕಾನೂನು ನಿಮಗೆಂದೇ ಎತ್ತಿಟ್ಟಿರುವ ಸ್ವತ್ತನ್ನು ಹೆದರಿ ನೀವೇ ತೆಗೆದು ಕೊಡಬೇಡಿ.

ಎತ್ತಿಟ್ಟಿದೆಯೇ? ಹೌದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ತೆಗೆದು ನೋಡಿ. ಸಾಲ ತೀರಿಸು ಅಂತ ಕೋರ್ಟಿನ ಆದೇಶ, ಅಂದರೆ ಡಿಕ್ರಿ ಆದರೂ, ಕೋರ್ಟಿನ ನೌಕರ ಅಮೀನ ವಾರಂಟ್ ಹಿಡಿದು ಮನೆ ಬಾಗಿಲಿಗೆ ಬಂದರೂ ಜಪ್ತಿ ಮಾಡುವಂತಿಲ್ಲದ ವಸ್ತುಗಳ ಪಟ್ಟಿ ಅಲ್ಲಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಹೆಂಗಸರು ಧರ್ಮದ ರೂಢಿ ಪ್ರಕಾರ ಮೈಮೇಲಿಂದ ತೆಗೆಯಬಾರದ ಆಭರಣ, ಅಂದರೆ ನಮ್ಮ ಕಡೆ ಮಾಂಗಲ್ಯ. ಕುಶಲಕರ್ಮಿಯ ಉಪಕರಣ. ರೈತನ ನೇಗಿಲು, ದುಡಿಮೆಗೆ ಬೇಕಾದ ದನ, ಬಿತ್ತನೆ ಬೀಜ. ರೈತ, ಕೂಲಿಕಾರ, ಮನೆಗೆಲಸದವರು ತಾವೇ ವಾಸವಿರುವ ಸ್ವಂತ ಮನೆ. ಪ್ರಾವಿಡೆಂಟ್ ಫಂಡ್, ಪಿಪಿಎಫ್, ಸರ್ಕಾರಿ ಪಿಂಚಣಿ, ಜೀವ ವಿಮೆಯ ಹಣ. ಇವೆಲ್ಲ ಅದರಲ್ಲಿವೆ. ದಿವಾಳಿ ಅರ್ಜಿ ಹಾಕಿದರೂ ಇವು ರಿಸೀವರ್, ಅಂದರೆ ದಿವಾಳಿಯಾದವರ ಆಸ್ತಿ ವಹಿಸಿಕೊಳ್ಳಲು ಕೋರ್ಟು ನೇಮಿಸುವವರ ಕೈಗೆ ಹೋಗುವುದಿಲ್ಲ, 1920ರ ದಿವಾಳಿ ಕಾಯ್ದೆಯೇ ಹಾಗೆ ಹೇಳುತ್ತದೆ.

ಇಷ್ಟಿದ್ದೂ ಜನ ಬರಿಗೈ ಆಗುತ್ತಾರೆ. ಹೇಗೆ ಅಂತ ಒಬ್ಬ ಟೈಲರ್‌ನ ಲೆಕ್ಕದಲ್ಲಿ ತೋರಿಸುತ್ತೇನೆ. ಇವನಿಗೆ ಹೆಸರು ಬೇಡ, ಉದಾಹರಣೆಗೆ ಅಂತ ಕಟ್ಟಿದವನು. ಆದರೆ ಪ್ರತಿ ತಾಲ್ಲೂಕಿನ ಬಸ್ ಸ್ಟ್ಯಾಂಡ್ ಹಿಂದೆಯೂ ಇಂಥವನೊಬ್ಬ ಇದ್ದಾನೆ.

ಒಟ್ಟು ಸಾಲ 6 ಲಕ್ಷ. 2 ಲಕ್ಷ ಫೈನಾನ್ಸಿನವರದು, 4 ಲಕ್ಷ ಐದು ಜನರ ಹತ್ತಿರ ಪ್ರೋನೋಟ್ ಬರೆದು ಮೂರು ರೂಪಾಯಿ ಬಡ್ಡಿಗೆ ತಂದದ್ದು. ಆಸ್ತಿ ಏನಿದೆ? ತಾನೇ ಕೂತು ಹೊಲಿಯುವ ಎರಡು ಮಷೀನು, ಒಂದು ಓವರ್‌ಲಾಕ್. ಹಿಂದೆ ಗಾರ್ಮೆಂಟ್ಸ್‌ನಲ್ಲಿ ದುಡಿದಾಗ ಜಮೆಯಾದ 1,80,000 ಪಿಎಫ್. ಹೆಂಡತಿಯ ಮಾಂಗಲ್ಯದ ಸರ. ಊರಾಚೆ 5 ಲಕ್ಷ ಬೆಲೆಯ ಒಂದು ಸೈಟು. ಈ ನಾಲ್ಕರಲ್ಲಿ ಸಾಲ ಕೊಟ್ಟವರು ಮುಟ್ಟಬಹುದಾದದ್ದು ಯಾವುದು? ಸೈಟು ಒಂದೇ!

ಆತ ಮಾಡಿದ್ದೇನು ಗೊತ್ತೇ? ಯಾರು ಜೋರಾಗಿ ಬಾಯಿ ಮಾಡಿದರೋ ಅವರಿಗೆ ಮೊದಲು ಕೊಟ್ಟ. ಪಿಎಫ್ ಪೂರ್ತಿ ತೆಗೆದು ಒಬ್ಬನ ಬಡ್ಡಿಗೆ, ಇನ್ನೊಬ್ಬನ ಅರ್ಧ ಅಸಲಿಗೆ ಸುರಿದ. ಮುಂದಿನ ತಿಂಗಳು ಸರವನ್ನು 60,000ಕ್ಕೆ ಅಡ ಇಟ್ಟ. ನಿಮ್ಮ ಕೈಯಾರೆ ಅಡ ಇಟ್ಟ ಮೇಲೆ 60ನೇ ಕಲಮಿನ ರಕ್ಷಣೆ ಅಲ್ಲಿಗೆ ಮುಗಿಯಿತು. ಆಮೇಲೆ ಮಷೀನುಗಳನ್ನು 22,000ಕ್ಕೆ ಮಾರಿದ. ಸ್ವಾಮಿ, ಮಷೀನು ಮಾರಿದ ಟೈಲರ್ ಮರುದಿನ ಏನು ಹೊಲಿಯುತ್ತಾನೆ? ಕಡೆಗೆ ಉಳಿದ ಸೈಟನ್ನಾದರೂ ಉಳಿಸೋಣ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಭಾವಮೈದುನನ ಹೆಸರಿಗೆ ದಾನಪತ್ರ ಮಾಡಿಸಿದ. ಹೀಗೆ ಮಾಡು ಅಂತ ಚಹಾ ಅಂಗಡಿಯಲ್ಲಿ ಯಾರೋ ಬುದ್ಧಿ ಹೇಳಿದ್ದರಂತೆ. ಆ ಬುದ್ಧಿವಂತರು ಎಲ್ಲ ಊರಲ್ಲೂ ಇರುತ್ತಾರೆ.

ದಾನಪತ್ರ ನೋಂದಣಿಯಾಗಿ ಎರಡನೇ ತಿಂಗಳಿಗೆ ಪ್ರೋನೋಟಿನವನೊಬ್ಬ ಕೋರ್ಟಿಗೆ ಹೋಗಿ, ಇವನನ್ನು ದಿವಾಳಿ ಅಂತ ಘೋಷಿಸಿ ಎಂದು ಅರ್ಜಿ ಹಾಕಿದ. ಆಧಾರ? ಅದೇ ದಾನಪತ್ರ. ಸಾಲ ಕೊಟ್ಟವರನ್ನು ತಪ್ಪಿಸಲು ಆಸ್ತಿ ದಾಟಿಸುವುದೇ ಕಾನೂನಿನ ಕಣ್ಣಿಗೆ ದಿವಾಳಿಯ ಲಕ್ಷಣ. ಅರ್ಜಿ ಹಾಕುವ ಹಿಂದಿನ ಎರಡು ವರ್ಷದೊಳಗೆ ಪುಕ್ಕಟೆಯಾಗಿ ಬೇರೆಯವರ ಹೆಸರಿಗೆ ಮಾಡಿದ್ದನ್ನು ಕೋರ್ಟು ರದ್ದು ಮಾಡಬಹುದು. ಮಾಡಿತು ಕೂಡ. ಸೈಟು ರಿಸೀವರ್ ಕೈ ಸೇರಿ ಹರಾಜಾಯಿತು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ನೀರುಪಾಲು. ಮೇಲಾಗಿ ಮೋಸದ ವರ್ಗಾವಣೆಗೆ ಒಂದು ವರ್ಷದವರೆಗೆ ಜೈಲು ಎಂಬ ಹೆದರಿಕೆ ಬೇರೆ.

ಇದನ್ನೇ ತಿರುಗಿಸಿ ನೋಡಿ. ಸೈಟನ್ನು ಮೊದಲೇ ಬಹಿರಂಗವಾಗಿ ಪೇಟೆ ಬೆಲೆಗೆ ಮಾರಿ, ಬಂದ 5 ಲಕ್ಷವನ್ನು ಆರೂ ಜನರಿಗೆ ರೂಪಾಯಿಗೆ 83 ಪೈಸೆಯಂತೆ ಹಂಚಿ, ರಸೀದಿ ಬರೆಸಿಕೊಂಡಿದ್ದರೆ? ಉಳಿಯುತ್ತಿದ್ದದ್ದು 1 ಲಕ್ಷದ ಸಾಲ. ಮಷೀನು ಮನೆಯಲ್ಲಿ, ಸರ ಕೊರಳಲ್ಲಿ, ಪಿಎಫ್ ಖಾತೆಯಲ್ಲಿ. ಅದಕ್ಕೇ ಮತ್ತೆ ಹೇಳುತ್ತೇನೆ, ಬೇಜಾರಾಗಬೇಡಿ: ರಕ್ಷಣೆ ಇರುವುದನ್ನು ಮುಟ್ಟಬೇಡಿ, ರಕ್ಷಣೆ ಇಲ್ಲದ್ದನ್ನು ಬಚ್ಚಿಡಬೇಡಿ.

ಟೈಲರ್ ಕಥೆ ಉದ್ದವಾಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಸಂಬಳದ ಲೆಕ್ಕ. 31,000 ಸಂಬಳ ಅಂತ ಇಟ್ಟುಕೊಳ್ಳಿ. ಮೊದಲ 1,000 ಪಕ್ಕಕ್ಕಿಡಿ. ಉಳಿದ 30,000ದಲ್ಲಿ ಮೂರನೇ ಎರಡು ಭಾಗ, 20,000, ನಿಮ್ಮದು. ಜಪ್ತಿಗೆ ಸಿಗುವುದು 10,000 ಮಾತ್ರ. ಒಂದೇ ಡಿಕ್ರಿಗೆ 24 ತಿಂಗಳು ಹೀಗೆ ಹಿಡಿದ ಮೇಲೆ ಆ ಡಿಕ್ರಿಗೆ ನಿಮ್ಮ ಸಂಬಳ ಮತ್ತೆ ಸಿಗುವುದಿಲ್ಲ. ಜೀವನಾಂಶದ ಡಿಕ್ರಿಗೆ ಈ ಲೆಕ್ಕ ನಡೆಯದು. ಕೂಲಿಯವರ ಕೂಲಿಯನ್ನಂತೂ ಮುಟ್ಟುವಂತೆಯೇ ಇಲ್ಲ. ಇನ್ನೊಂದು ಕೆಲಸ ಇವತ್ತೇ ಮಾಡಿ: ಯಾವ ಬ್ಯಾಂಕಿನಲ್ಲಿ ಸಾಲ ಇದೆಯೋ ಅಲ್ಲೇ ಸಂಬಳದ ಖಾತೆ ಇದ್ದರೆ ಬೇರೆ ಬ್ಯಾಂಕಿಗೆ ಬದಲಾಯಿಸಿ. ಇಲ್ಲವಾದರೆ ಕೋರ್ಟಿಗೆ ಹೋಗದೆಯೇ ಖಾತೆಯಿಂದ ಕತ್ತರಿಸಿಕೊಳ್ಳುತ್ತಾರೆ.

ನಿವೃತ್ತರೇ, ನಿಮ್ಮ ಪಿಂಚಣಿ, ಗ್ರಾಚ್ಯುಯಿಟಿ ಹಣವನ್ನು ಎಫ್‌ಡಿ ಮಾಡಿದರೂ ಅದಕ್ಕಿರುವ ರಕ್ಷಣೆ ಹೋಗದು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆ ಹಣಕ್ಕೆ ಬೇರೆಯೇ ಖಾತೆ ಇರಲಿ, ಬಾಡಿಗೆ ದುಡ್ಡು, ವ್ಯಾಪಾರದ ದುಡ್ಡು ಅದರೊಳಗೆ ಬೆರೆಸಬೇಡಿ. ಅಳಿಯನ ಸಾಲಕ್ಕೆ ಆ ಎಫ್‌ಡಿಯನ್ನು ಅಡ ಇಡಬೇಡಿ.

ರೈತರು ಒಂದು ತಪ್ಪು ತಿಳಿದಿರುತ್ತಾರೆ. ರಕ್ಷಣೆ ಇರುವುದು ಎತ್ತಿಗೆ, ನೇಗಿಲಿಗೆ, ವಾಸದ ಮನೆಗೆ. ಹೊಲಕ್ಕೆ ಇಲ್ಲ. ಮನೆಯನ್ನು ಅಡಮಾನ ಮಾಡಿಕೊಟ್ಟಿದ್ದರೆ ಅದಕ್ಕೂ ಇಲ್ಲ.

ಜೀವ ವಿಮೆ ಮಾಡಿಸುವ ಗಂಡಸರು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿ. ಆ ಹಣ ನಿಮ್ಮ ಸಾಲಕ್ಕೆ ಹೋಗುವುದಿಲ್ಲ. ಅದನ್ನು ಪ್ರಪೋಸಲ್ ಫಾರಂ ತುಂಬುವಾಗಲೇ ಬರೆಸಬೇಕು. ಸಾಲ ಕುತ್ತಿಗೆಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

"ನನ್ನ ವಿನಾಯಿತಿ ಬಿಟ್ಟುಕೊಟ್ಟಿದ್ದೇನೆ" ಅಂತ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದಾರೆಯೇ? ಆ ಕಾಗದಕ್ಕೆ ಬೆಲೆಯೇ ಇಲ್ಲ, ಅಂಥ ಒಪ್ಪಂದ ಅಸಿಂಧು ಅಂತ ಅದೇ 60ನೇ ಕಲಮಿನಲ್ಲಿದೆ. ಜೈಲಿಗೆ ಹಾಕಿಸುತ್ತೇನೆ ಅಂತಾರೆಯೇ? ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ನಿಜವಾಗಿ ಗತಿಯಿಲ್ಲದವನನ್ನು ಸಾಲಕ್ಕಾಗಿ ಜೈಲಿಗೆ ಕಳಿಸಬಾರದು ಅಂತ 1980ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ವಸೂಲಿಗೆ ಬಂದ ಹುಡುಗರು ಮನೆಯೊಳಗಿನ ಸಾಮಾನು ಎತ್ತಿಕೊಂಡು ಹೋಗುವ ಹಾಗಿಲ್ಲ.

ಸಾಲ ತೀರಿಸುವುದು ಸಾಧ್ಯವೇ ಇಲ್ಲ ಅನ್ನಿಸಿದರೆ ದಿವಾಳಿ ಅರ್ಜಿ ನೀವೇ ಹಾಕಿ. ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ ಬರೆಯಬೇಕು. ಬಾವಿಯ ಪಂಪ್‌ಸೆಟ್‌ನಿಂದ ಬೈಕಿನವರೆಗೆ ಎಲ್ಲ ಸ್ವತ್ತನ್ನೂ ಬೆಲೆಯೊಂದಿಗೆ ಬರೆಯಬೇಕು, ವಿನಾಯಿತಿ ಇರುವುದನ್ನು ಬೇರೆ ಗುರುತಿಸಬೇಕು. ಒಂದನ್ನು ಮುಚ್ಚಿಟ್ಟರೂ ಋಣಮುಕ್ತಿ, ಅಂದರೆ ಉಳಿದ ಸಾಲದಿಂದ ಕೋರ್ಟು ಕೊಡುವ ಬಿಡುಗಡೆ, ಸಿಗುವುದು ಕಷ್ಟ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ನೆಂಟರ ಸಾಲ ಮಾತ್ರ ತೀರಿಸಿ ಉಳಿದವರಿಗೆ ಕೈ ಎತ್ತಿದರೆ ಆ ಪಾವತಿಯೂ ರದ್ದಾಗುತ್ತದೆ. ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ ಋಣಮುಕ್ತಿಯಲ್ಲೂ ಹೋಗುವುದಿಲ್ಲ. ನಿಮಗೆ ಜಾಮೀನು ನಿಂತವರೂ ಬಿಡುಗಡೆಯಾಗುವುದಿಲ್ಲ, ಅವರಿಗೆ ಮೊದಲೇ ಹೇಳಿಬಿಡಿ.

ಅಮೀನರು ಬಂದರೆ ಬಾಗಿಲು ಹಾಕಿಕೊಳ್ಳಬೇಡಿ, ಜಗಳಕ್ಕೂ ನಿಲ್ಲಬೇಡಿ. ಇದು ನನ್ನ ಕಸುಬಿನ ಉಪಕರಣ, ಇದು ವಾಸದ ಮನೆ ಅಂತ ಹೇಳಿ, ವಾರಂಟಿನ ಮೇಲಿರುವ ಕೇಸ್ ನಂಬರ್ ಬರೆದುಕೊಳ್ಳಿ, ಅದೇ ಕೋರ್ಟಿನಲ್ಲಿ ಕೂಡಲೇ ತಕರಾರು ಅರ್ಜಿ ಹಾಕಿ. ಸುಮ್ಮನಿದ್ದವರ ಪರವಾಗಿ ಕೋರ್ಟು ತಾನಾಗಿ ಕೇಳುವುದಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೇ? ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಮಿಕರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಫೋನ್ ನಂಬರ್ ಬರೆದುಕೊಳ್ಳಿ: 15100. ಇನ್ನೊಮ್ಮೆ, ಒಂದು ಐದು ಒಂದು ಸೊನ್ನೆ ಸೊನ್ನೆ. ಪಿಎಫ್ ಫಾರಂ ತುಂಬುವ ಮುಂಚೆ ಅಲ್ಲಿಗೆ ಫೋನ್ ಮಾಡಿ. ನಮಸ್ಕಾರ.