ಗಾಳಿಗೆ ಕಾಣುವುದು ನೀವೇ

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಟೈಮ್ ಟ್ರಯಲ್‌ಗೆ ಯಾವ ಚಕ್ರ ಕೊಳ್ಳಬೇಕು ಅಂತ ಹೇಳಿಬಿಡಿ ಸರ್, ಸಾಕು." ಟೈಮ್ ಟ್ರಯಲ್ ಅಂದರೆ ಒಬ್ಬೊಬ್ಬರೇ ಹೊರಟು ಗಡಿಯಾರದ ವಿರುದ್ಧ ತುಳಿಯುವ ಸೈಕಲ್ ಸ್ಪರ್ಧೆ. ಹೇಳುತ್ತೇನೆ. ಆದರೆ ಕೊನೆಗೆ, ಸಮಯ ಉಳಿದರೆ. ಉಳಿಯದಿದ್ದರೆ ನಿಮ್ಮ ದುಡ್ಡಾದರೂ ಉಳಿಯುತ್ತದೆ.

1989ರ ಟೂರ್ ಡಿ ಫ್ರಾನ್ಸ್, ಅದೇ ಫ್ರಾನ್ಸಿನ ಮೂರು ವಾರದ ಸೈಕಲ್ ಸ್ಪರ್ಧೆಯ ಕತೆ ನಿಮಗೆಲ್ಲ ಗೊತ್ತು. ಗೊತ್ತಿದ್ದರೂ ಇನ್ನೊಂದು ಸಲ ಕೇಳಿ, ನನಗೆ ಅದನ್ನು ಬಿಟ್ಟು ಮಾತು ಶುರು ಮಾಡಿ ಅಭ್ಯಾಸವಿಲ್ಲ. ಜುಲೈ 23, ಕೊನೆಯ ದಿನ. ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಫ್ರಾನ್ಸಿನ ಲೋರಾ ಫಿನ್ಯೋ ಅಲ್ಲಿಯ ತನಕದ ಒಟ್ಟು ಸಮಯದಲ್ಲಿ 50 ಸೆಕೆಂಡ್ ಮುಂದಿದ್ದಾರೆ. ಇಷ್ಟು ಸಣ್ಣ ದೂರದಲ್ಲಿ 50 ಸೆಕೆಂಡ್ ಕೀಳುವುದು ಆಗದ ಮಾತು ಅಂತಲೇ ಹೆಚ್ಚಿನವರ ಲೆಕ್ಕ. ಎರಡನೇ ಸ್ಥಾನದಲ್ಲಿದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೊರಟರು. ದಾರಿಯಲ್ಲಿ ನನಗೆ ಯಾರೂ ಸಮಯ ಹೇಳಬೇಡಿ ಅಂತ ತಂಡಕ್ಕೆ ಮೊದಲೇ ಹೇಳಿಟ್ಟಿದ್ದರು. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಈಗ ಇಬ್ಬರನ್ನೂ ಕಣ್ಣ ಮುಂದೆ ತಂದುಕೊಳ್ಳಿ. ಫಿನ್ಯೋ ಸೈಕಲ್ಲಿಗೆ ಹಿಂದೆಯೂ ಡಿಸ್ಕ್ ಚಕ್ರ, ಮುಂದೆಯೂ ಡಿಸ್ಕ್ ಚಕ್ರ, ಅಂದರೆ ಗಾಳಿ ಸೀಳಲಿ ಅಂತ ಕಡ್ಡಿಗಳ ಬದಲು ತಟ್ಟೆಯ ಹಾಗೆ ಮುಚ್ಚಿದ ಚಕ್ರ. ಲೆಮಾಂಡ್‌ಗೆ ಹಿಂದೆ ಮಾತ್ರ. ಚಕ್ರದ ಲೆಕ್ಕದಲ್ಲಿ ಫಿನ್ಯೋನೇ ಮುಂದು, ಅಲ್ವಾ? ಆದರೆ ಫಿನ್ಯೋ ತಲೆಗೆ ಹೆಲ್ಮೆಟ್ ಇಲ್ಲ. ಜುಟ್ಟು ಗಾಳಿಯಲ್ಲಿ ಹಾರಾಡುತ್ತಿದೆ. ಕೈಗಳು ಅಗಲವಾಗಿವೆ, ಎದೆ ಬಾಗಿಲ ಹಾಗೆ ತೆರೆದಿದೆ. ಲೆಮಾಂಡ್ ತಲೆಗೆ ಉದ್ದ ಬಾಲದ ಹೆಲ್ಮೆಟ್. ಹ್ಯಾಂಡಲ್ಲಿನ ಮೇಲೆ ಟ್ರಯಾತ್ಲಾನ್‌ನವರು ಬಳಸುತ್ತಿದ್ದ ಎರಡು ಕೊಳವೆ. ಮೊಣಕೈ ಎರಡನ್ನೂ ಹತ್ತಿರ ಇಟ್ಟು, ಬೆನ್ನು ಬಗ್ಗಿಸಿ, ಸಣ್ಣಗಾಗಿ ಕೂತಿದ್ದರು. ಗಂಟೆಗೆ 54.5 ಕಿಲೋಮೀಟರ್ ಸರಾಸರಿ! ಫಿನ್ಯೋಗಿಂತ 58 ಸೆಕೆಂಡ್ ಬೇಗ ಮುಗಿಸಿದರು. ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ತುಳಿದ ಮೇಲೆ 8 ಸೆಕೆಂಡಿನ ಗೆಲುವು.

ಪಾಪ, ಫಿನ್ಯೋಗೆ ಆ ದಿನ ಸೀಟಿನ ಹುಣ್ಣು ಬೇರೆ. ಎಲ್ಲವನ್ನೂ ಜುಟ್ಟಿನ ತಲೆಗೆ ಕಟ್ಟಬಾರದು. ಆದರೂ ನನ್ನ ವಾದ ಇಷ್ಟೇ: ಗಾಳಿಗೆ ನಿಮ್ಮ ಸೈಕಲ್ ಅಷ್ಟಾಗಿ ಕಾಣುವುದಿಲ್ಲ. ಕಾಣುವುದು ನೀವೇ.

ಸ್ವಲ್ಪ ಲೆಕ್ಕ ನೋಡೋಣ, ಹೆದರಬೇಡಿ. ಸಮತಟ್ಟು ರಸ್ತೆಯಲ್ಲಿ 40ರ ವೇಗದಲ್ಲಿ ಹೋಗುವಾಗ ನೀವು ತುಳಿದ ಶಕ್ತಿಯಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಗಾಳಿ ತಳ್ಳುವುದಕ್ಕೇ ಹೋಗುತ್ತದೆ. ಅದರಲ್ಲೂ ಮುಕ್ಕಾಲು ಪಾಲು ನಿಮ್ಮ ಮೈಗೆ, ಉಳಿದದ್ದು ಸೈಕಲ್ಲಿಗೆ. ಇನ್ನೊಂದು ಕಹಿ ವಿಷಯ. ವೇಗ ನೂರಕ್ಕೆ 10 ಏರಬೇಕಾದರೆ ಗಾಳಿಗೆ ಕೊಡುವ ಶಕ್ತಿ 10 ಏರಿದರೆ ಸಾಲದು, 33 ಏರಬೇಕು. ಯಾವ ತರಬೇತಿಯಿಂದ ಒಂದು ವರ್ಷದಲ್ಲಿ ನೂರಕ್ಕೆ 33ರಷ್ಟು ಹೆಚ್ಚು ವಾಟ್ ತರುತ್ತೀರಿ? ಆದರೆ ಗಾಳಿಗೆ ಒಡ್ಡುವ ಮೈಯನ್ನು ಆರರಲ್ಲಿ ಒಂದು ಪಾಲು ಕಡಿಮೆ ಮಾಡಿ. 40ರ ವೇಗಕ್ಕೆ ಗಾಳಿ ಕೇಳುವುದು 247 ವಾಟ್ ಇದ್ದದ್ದು 206ಕ್ಕೆ ಇಳಿಯುತ್ತದೆ. 41 ವಾಟ್, ಸುಮ್ನೆ ಕೂರುವ ರೀತಿ ಬದಲಿಸಿದ್ದಕ್ಕೆ!

ಸ್ಕಾಟ್ಲೆಂಡಿನ ಸೈಕಲ್ ಸವಾರ ಗ್ರೇಮ್ ಒಬ್ರೀ ಇದನ್ನು ಕೊನೆಯ ತನಕ ಎಳೆದ ಮನುಷ್ಯ. ಕೈಗಳನ್ನು ಎದೆಯ ಕೆಳಗೆ ಮಡಚಿಟ್ಟು, ಬಟ್ಟೆ ಒಗೆಯುವ ಮೆಷಿನ್ನಿನ ಬೇರಿಂಗ್ ಹಾಕಿ ತಾನೇ ಕಟ್ಟಿದ ಸೈಕಲ್ ಮೇಲೆ 1993ರಲ್ಲಿ ಒಂದು ಗಂಟೆಗೆ 51.596 ಕಿಲೋಮೀಟರ್ ಹೋದರು. ಹಿಂದಿನ ದಿನ ಸೋತಿದ್ದರು. ಮರುದಿನ ಬೆಳಗ್ಗೆ ಮತ್ತೆ ಹತ್ತಿ, ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಹೋದ ದಾಖಲೆ ಮುರಿದರು. ಆರೇ ದಿನಕ್ಕೆ ಕ್ರಿಸ್ ಬೋರ್ಡ್‌ಮನ್ ಅದನ್ನು ಕಿತ್ತುಕೊಂಡರು, ಅದು ಬೇರೆ ಮಾತು. ಮುಂದಿನ ವರ್ಷ ಸೈಕ್ಲಿಂಗ್ ಒಕ್ಕೂಟ ಆ ಭಂಗಿಯನ್ನೇ ನಿಷೇಧಿಸಿತು. ನೋಡಿ, ನಿಷೇಧಿಸಿದ್ದು ಬೇರಿಂಗನ್ನಲ್ಲ!

ಇದೆಲ್ಲ ನನಗೆ ಗೊತ್ತಾದದ್ದು ಬುದ್ಧಿಯಿಂದಲ್ಲ, ಪೆಟ್ಟು ತಿಂದು. ಒಂದು ವರ್ಷ ಕೂಡಿಟ್ಟ ದುಡ್ಡೆಲ್ಲ ಸುರಿದು ಡಿಸ್ಕ್ ಚಕ್ರ, ಬಾಲದ ಹೆಲ್ಮೆಟ್ ಎರಡನ್ನೂ ತಂದೆ. ಹ್ಯಾಂಡಲ್ ಎಷ್ಟು ಇಳಿಯುತ್ತದೋ ಅಷ್ಟು ಇಳಿಸಿದೆ. ಫೋಟೋದಲ್ಲಿ ಬಾಣದ ಹಾಗಿದ್ದೆ. ಅದೇ ರಸ್ತೆಯಲ್ಲಿ 20 ಕಿಲೋಮೀಟರ್ ಓಡಿಸಿದೆ. ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಹಿಂದಿನ ವರ್ಷಕ್ಕಿಂತ 12 ವಾಟ್ ಜಾಸ್ತಿ ತೋರಿಸಿತು. ಸಮಯ ನೋಡಿದರೆ ಅದೂ 40 ಸೆಕೆಂಡ್ ಜಾಸ್ತಿ! ಗೆಳೆಯ ತೆಗೆದ ವಿಡಿಯೋ ನೋಡಿದಾಗ ಅರ್ಥವಾಯಿತು. ಆರನೇ ಕಿಲೋಮೀಟರಿಗೇ ಕುತ್ತಿಗೆ ಸೋತಿದೆ. ತಲೆ ನೆಲ ನೋಡುತ್ತಿದೆ, ಹೆಲ್ಮೆಟ್ಟಿನ ಬಾಲ ಹುಂಜದ ಜುಟ್ಟಿನ ಹಾಗೆ ಮೇಲೆದ್ದಿದೆ. ನಿಮಿಷಕ್ಕೊಂದು ಸಲ ಎದ್ದು ಕೂತು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದೇನೆ. ಬಾಣವೂ ಇಲ್ಲ, ಬಿಲ್ಲೂ ಇಲ್ಲ. ಎದುರು ಏನು ಬರುತ್ತಿದೆ ಅಂತ ನೋಡದೆ ತುಳಿದಿದ್ದೆ ಬೇರೆ, ನೆನೆದರೆ ಈಗಲೂ ಬೆವರುತ್ತೇನೆ.

ಅಂದರೆ ನಿಮ್ಮ ಕೈಲಿ ಹಿಡಿದು ಕೂರಲು ಆಗುವ ಭಂಗಿಯೇ ಒಳ್ಳೆಯ ಭಂಗಿ. ಜಾಸ್ತಿ ಬಗ್ಗಿದರೆ ತೊಡೆ ಹೊಟ್ಟೆಗೆ ತಾಗಿ ಶಕ್ತಿಯೂ ಬೀಳುತ್ತದೆ. ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದ ತೋಳು, ಗಿಡ್ಡದ್ದು ಹಾಕಿದರೆ ಅಲ್ಲಿ ಸ್ವಲ್ಪ ಜಾಗ ಸಿಗುತ್ತದೆ.

ಇನ್ನು ಪವರ್ ತರಬೇತಿ. ಓಹ್, ಚೀಟಿ ಬಂತು. ಇನ್ನು ಹತ್ತೇ ನಿಮಿಷ ಅಂತೆ. ಲೆಮಾಂಡ್ ಕತೆಗೇ ಅರ್ಧ ಹೋಯಿತು ಅನ್ನಿಸುತ್ತದೆ.

ಬೇಗ ಹೇಳುತ್ತೇನೆ. 20 ನಿಮಿಷ ಪೂರ್ತಿ ದಮ್ಮು ಕಟ್ಟಿ ತುಳಿಯಿರಿ. ಬಂದ ಸರಾಸರಿಯಲ್ಲಿ ನೂರಕ್ಕೆ 95 ಭಾಗ ತೆಗೆದುಕೊಳ್ಳಿ. ಸುಮಾರು ಒಂದು ಗಂಟೆ ಹಿಡಿಯಬಹುದಾದ ನಿಮ್ಮ ಮಟ್ಟ ಅದು. ಅದರ ಅಕ್ಕಪಕ್ಕದಲ್ಲಿ 20 ನಿಮಿಷದ್ದು ಎರಡು ಸಲ, ಇನ್ನೊಂದು ದಿನ ಅದಕ್ಕಿಂತ ಮೇಲೆ 4 ನಿಮಿಷದ್ದು ಐದು ಸಲ. ಉಳಿದ ದಿನ ನಿಧಾನ, ಮಾತಾಡಿಕೊಂಡು ಹೋಗುವಷ್ಟು ನಿಧಾನ. ಆದರೆ ಈ ಪರೀಕ್ಷೆಯನ್ನೂ ಆ 20 ನಿಮಿಷಗಳನ್ನೂ ಏರೋ ಭಂಗಿಯಲ್ಲೇ, ಅಂದರೆ ಗಾಳಿಗೆ ಸಣ್ಣಗಾಗಿ ಬಗ್ಗಿ ಕೂತೇ ಮಾಡಿ. ನೆಟ್ಟಗೆ ಕೂತು ತಂದ ವಾಟ್ ಸ್ಪರ್ಧೆಯ ದಿನ ಜೊತೆಗೆ ಬರುವುದಿಲ್ಲ. ಗಾಳಿಗೆ ಕಾಣುವುದು ನೀವೇ ಅಂತ ಆಗಲೇ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡಿ.

ಸ್ಪರ್ಧೆಯ ದಿನ ಮೊದಲ ಎರಡು ನಿಮಿಷ ಕಾಲು ಸುಳ್ಳು ಹೇಳುತ್ತದೆ. ಒಂದು ಗಂಟೆಯ ಮಟ್ಟ 250 ವಾಟ್ ಇರುವವರು 320 ತುಳಿಯುತ್ತಿದ್ದರೂ ಹೂವಿನ ಹಾಗೆ ಹಗುರ ಅನ್ನಿಸುತ್ತದೆ. ಆಗ ಮೀಟರ್ ನೋಡಿ, ಕಾಲನ್ನು ನಂಬಬೇಡಿ. ಏರಿನಲ್ಲಿ, ಎದುರುಗಾಳಿಯಲ್ಲಿ ಸ್ವಲ್ಪ ಜಾಸ್ತಿ ಕೊಡಿ, ಇಳಿಜಾರಿನಲ್ಲಿ ಉಳಿಸಿ. ಲೆಮಾಂಡ್ ಯಾಕೆ ಸಮಯ ಕೇಳಲಿಲ್ಲ? ಪಕ್ಕದವರ ಗಡಿಯಾರ ನೋಡಿದರೆ ನಿಮ್ಮ ಲೆಕ್ಕ ತಪ್ಪುತ್ತದೆ, ಅದಕ್ಕೇ ಅಂತ ನಾನು ಅಂದುಕೊಂಡಿದ್ದೇನೆ.

ಚಕ್ರ ಅಂದರಲ್ಲ? ಮೈಗೆ ಅಂಟುವ ಬಟ್ಟೆ, ಹೆಲ್ಮೆಟ್, ಒಳ್ಳೆಯ ಟೈರು, ಶುದ್ಧವಾದ ಚೈನು, ಇಷ್ಟಾದ ಮೇಲೆ ಚಕ್ರ. ಬಟ್ಟೆ ಪಟಪಟ ಸದ್ದು ಮಾಡುತ್ತಿದ್ದರೆ ಡಿಸ್ಕ್ ಚಕ್ರದ ಸದ್ದು ನಿಮಗೆ ಕೇಳಿಸುವುದೂ ಇಲ್ಲ.

ಎರಡನೇ ಚೀಟಿಯೂ ಬಂತು. ಇಲ್ಲಿ ಪಕ್ಕದಲ್ಲಿ ಟ್ರೇನರ್, ಅಂದರೆ ನಿಂತಲ್ಲೇ ತುಳಿಯುವ ಸ್ಟ್ಯಾಂಡ್, ಅದರ ಮೇಲೆ ಸೈಕಲ್ ನಿಲ್ಲಿಸಿದ್ದೇವೆ, ಎದುರಿಗೆ ಕನ್ನಡಿ ಇದೆ. ಮುಂದಿನ ಸಾಲಿನಲ್ಲಿ ಆಗಿನಿಂದ ಅಡ್ಡಡ್ಡ ತಲೆ ಆಡಿಸುತ್ತಿದ್ದೀರಲ್ಲ, ನೀವೇ ಬನ್ನಿ. ಹತ್ತಿ ಕೂತು ಎಂಟು ನಿಮಿಷ ಏರೋ ಭಂಗಿ ಬಿಡದೆ ತುಳಿಯಿರಿ. ಉಳಿದವರು ಅವರ ಕುತ್ತಿಗೆ ನೋಡಿ, ಕಾಲನ್ನಲ್ಲ.