ಒಂಬತ್ತು ಗೆದ್ದವರನ್ನು ಮನೆಗೆ ಕಳಿಸಿದ ಊರು

ನಮಸ್ಕಾರ. ಈ ರೇಡಿಯೋ ನಿಲಯದವರು ನನ್ನನ್ನು ಕರೆಯುವುದು ಯಾವಾಗಲೂ ಜೋಳದ ಬೆಳೆ ಕೆಡಿಸೋ ಸುಳಿನೊಣದ ಬಗ್ಗೆ ಮಾತಾಡಲು. ಈ ಸಲ ಆಟೋಟದ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಖಾಲಿ ಇದೆ, ನೀವು ಅಮೆರಿಕದಲ್ಲಿ ಇದ್ದವರಲ್ವಾ, ಏನಾದರೂ ಹೇಳಿ ಅಂದರು. ಹೇಳು ಅಂದರೆ ನನ್ನ ಬಾಯಿಗೆ ಬರೋದು ಒಂದೇ ಹೆಸರು. ನೆಬ್ರಾಸ್ಕ.

1995ರಲ್ಲಿ ಬಿಳಿಜೋಳದ ಮೇಲೆ ಸಂಶೋಧನೆ ಮಾಡಲು ಆ ರಾಜ್ಯದ ಲಿಂಕನ್ ಊರಿಗೆ ಹೋದೆ. ನಾಲ್ಕು ವರ್ಷ ಇದ್ದೆ. ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಕಾರ್ನ್‌ಹಸ್ಕರ್ಸ್ ಅಂತ ಹೆಸರು. ಅಂದರೆ ಮುಸುಕಿನ ಜೋಳದ ತೆನೆ ಸುಲಿಯೋರು. ಹಾವೇರಿ, ದಾವಣಗೆರೆ ಕಡೆಯವರು ಕೇಳುತ್ತಿದ್ದರೆ ಅದು ನಿಮ್ಮದೇ ತಂಡ ಅಂದುಕೊಳ್ಳಿ.

ಆಟ ಏನು ಅಂತ ಬೇಗ ಹೇಳಿಬಿಡುತ್ತೇನೆ. ಹೆಸರು ಫುಟ್‌ಬಾಲ್, ಕಾಲಿಗೆ ಕೆಲಸ ಕಡಿಮೆ. ತೆಂಗಿನಕಾಯಿ ಆಕಾರದ ಚೆಂಡನ್ನು ಅಪ್ಪಿಕೊಂಡು ಓಡಬೇಕು, ಇಲ್ಲವೇ ಎಸೆಯಬೇಕು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಎದುರಿನವರ ಗೆರೆ ದಾಟಿದರೆ ಆರು ಅಂಕ. ಅದರ ಮೇಲೆ ಚೆಂಡು ಕಿಕ್ ಹೊಡೆದರೆ ಇನ್ನೊಂದು ಅಂಕ, ಕಿಕ್ ಬಿಟ್ಟು ಮತ್ತೊಮ್ಮೆ ಗೆರೆ ದಾಟಿದರೆ ಎರಡು. ಇಷ್ಟು ಸಾಕು, ಉಳಿದ ನಿಯಮ ಅಲ್ಲಿಯವರಿಗೂ ಸರಿಯಾಗಿ ಗೊತ್ತಿಲ್ಲ. ವರ್ಷಕ್ಕೆ ಹನ್ನೆರಡು ಹದಿಮೂರು ಮ್ಯಾಚ್ ಅಷ್ಟೇ, ಹೆಚ್ಚಾಗಿ ಶನಿವಾರ. ಹನ್ನೆರಡು ಅನ್ನೋದನ್ನ ನೆನಪಿಡಿ, ಯಾಕೆಂದರೆ ನಾನು ಇವತ್ತು ಹೇಳೋಕೆ ಬಂದಿರೋದು ಒಂಬತ್ತರ ಬಗ್ಗೆ.

ಇಡೀ ನೆಬ್ರಾಸ್ಕದಲ್ಲಿ ಸುಮಾರು ಇಪ್ಪತ್ತು ಲಕ್ಷ ಜನ ಅಷ್ಟೇ. ದೊಡ್ಡ ವೃತ್ತಿಪರ ಫುಟ್‌ಬಾಲ್ ತಂಡ ಒಂದೂ ಇಲ್ಲ. ಇರೋದು ಈ ಕಾಲೇಜು ತಂಡ. ಮ್ಯಾಚ್ ದಿನ ಮೆಮೋರಿಯಲ್ ಸ್ಟೇಡಿಯಂ ತುಂಬಿದರೆ ಅದೇ ರಾಜ್ಯದ ಮೂರನೇ ದೊಡ್ಡ ಊರು, ಒಮಾಹ, ಲಿಂಕನ್ ಬಿಟ್ಟರೆ ಅದೇ. ಎಲ್ಲರೂ ಕೆಂಪು ಅಂಗಿ. ನಾನೂ ಒಂದು ಕೊಂಡಿದ್ದೆ, ಇನ್ನೂ ಇದೆ.

1973ರಲ್ಲಿ ಟಾಮ್ ಆಸ್‌ಬರ್ನ್ ಕೋಚ್ ಆದರು. ಅವರಿಗಿಂತ ಮುಂಚೆ ಬಾಬ್ ಡೆವೇನಿ 1970 ಮತ್ತು 71ರಲ್ಲಿ ಸತತ ಎರಡು ಸಲ ರಾಷ್ಟ್ರೀಯ ಪಟ್ಟ ತಂದಿದ್ದರು. ಆಸ್‌ಬರ್ನ್ ಪ್ರತಿ ವರ್ಷ ಕನಿಷ್ಠ ಒಂಬತ್ತು ಗೆದ್ದರು. ಪಟ್ಟ ಮಾತ್ರ ಸಿಗಲಿಲ್ಲ. ಬದ್ಧವೈರಿ ಓಕ್ಲಹೋಮಾ ಎದುರು ಮೊದಲ ಐದು ವರ್ಷ ಐದಕ್ಕೆ ಐದೂ ಸೋಲು. 1984ರ ಜನವರಿಯಲ್ಲಿ ಮಯಾಮಿ ಎದುರು ಕೈಗೆ ಬಂದಿತ್ತು. ಒಂದು ಅಂಕದ ಕಿಕ್ ಹೊಡೆದು ಸಮ ಮಾಡಿಕೊಂಡಿದ್ದರೂ ಪಟ್ಟ ಹೆಚ್ಚುಕಮ್ಮಿ ಇವರದೇ. ಪುಣ್ಯಾತ್ಮ, ಸಮ ಬೇಡ ಅಂತ ಎರಡು ಅಂಕಕ್ಕೆ ಹೋದರು. ಎದುರಿನವನ ಕೈ ತಾಗಿ ಚೆಂಡು ಬಿತ್ತು. 31–30, ಸೋಲು. ಕೊನೆಗೆ ಪಟ್ಟ ಬಂದಿದ್ದು 1994ರಲ್ಲಿ. ಅದು ಅವರ ಇಪ್ಪತ್ತೆರಡನೇ ಸೀಸನ್! ಅಲ್ಲಿಯವರೆಗೆ ಜನ ಗೊಣಗಿದರು, ಬೈದರು, ಆದರೆ ಕಾದರು. ವರ್ಷಕ್ಕೆ ಒಂಬತ್ತು ಗೆಲ್ಲುತ್ತಿದ್ದ ಮನುಷ್ಯನನ್ನು ಇಟ್ಟುಕೊಂಡು ಕಾದರು. ಆಮೇಲೆ 95, 97ರಲ್ಲೂ ಪಟ್ಟ. ಐದು ವರ್ಷದಲ್ಲಿ 60 ಗೆಲುವು, 3 ಸೋಲು.

97ರ ಒಂದು ಕಥೆ ಹೇಳಲೇಬೇಕು. ನವೆಂಬರ್ 8. ನಮ್ಮ ಮನೆ ಮಾಲೀಕರು ವಯಸ್ಸಾದ ರೈತರು, ಊರಾಚೆ ಅವರಿಗೆ ಜೋಳದ ಹೊಲ. ಕಟಾವು ತಡವಾಗಿತ್ತು. ಮ್ಯಾಚ್ ಇದ್ದಿದ್ದು ಪಕ್ಕದ ಮಿಸೌರಿಯಲ್ಲಿ, ಹಾಗಾಗಿ ಹೊಲಕ್ಕೆ ಹೋಗೋಣ, ರೇಡಿಯೋದಲ್ಲಿ ಕೇಳಿದರಾಯ್ತು ಅಂತ ನನ್ನನ್ನೂ ಕಂಬೈನ್ ಅನ್ನೋ ಕಟಾವು ಯಂತ್ರ ಹತ್ತಿಸಿದರು. ಇಬ್ಬರಿಗೆ ಜಾಗ ಇಲ್ಲದ ಕ್ಯಾಬಿನ್. ನಾನು ಸ್ಟೀಲ್ ಊಟದ ಡಬ್ಬಿ ಮೇಲೆ ಕೂತಿದ್ದೆ. ಗಾಜಿನಾಚೆ ಒಣಗಿದ ಜೋಳದ ಸಾಲು ಒಂದೊಂದೇ ಒಳಗೆ ಬೀಳುತ್ತಿತ್ತು, ಹಿಂದಿನಿಂದ ದೂಳು, ರೇಡಿಯೋ ಪೂರ್ತಿ ಜೋರು. ನಮ್ಮವರು ಸೋಲುತ್ತಿದ್ದಾರೆ. ಅಜ್ಜ ಮಾತಾಡುತ್ತಿಲ್ಲ, ಗಾಡಿ ಮಾತ್ರ ಜೋರಾಗಿ ಹೋಗುತ್ತಿದೆ, ಕಾಳು ಚೆಲ್ಲುತ್ತಿದೆ, ನಾನು ಕೃಷಿ ಓದಿದವನು, ಹೇಳೋಣ ಅನಿಸಿದರೂ ಬಾಯಿ ಮುಚ್ಚಿಕೊಂಡೆ.

ಏಳು ಸೆಕೆಂಡ್ ಉಳಿದಿತ್ತು, ಏಳು ಅಂಕ ಹಿಂದೆ. ಅಜ್ಜ ಸಾಲಿನ ನಡುವೆ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ಹನ್ನೆರಡು ಗಜದ ಗೆರೆಯಿಂದ ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸೋ ಹುಡುಗ, ಸ್ಕಾಟ್ ಫ್ರಾಸ್ಟ್ ಚೆಂಡು ಎಸೆದ. ನಮ್ಮ ತಂಡದ ಶೆವಿನ್ ವಿಗ್ಗಿನ್ಸ್‌ಗೆ ತಾಗಿ ಜಾರಿತು. ಅವನು ಬೀಳ್ತಾ ಬೀಳ್ತಾ ಕಾಲಿಂದ ಒದ್ದ. ಚೆಂಡು ಮೇಲೆ ಹಾರಿ ನಿಧಾನಕ್ಕೆ ಇಳಿಯಿತು. ನೆಲಕ್ಕೆ ತಾಗೋಕೆ ಮುಂಚೆ ಮ್ಯಾಟ್ ಡೇವಿಸನ್ ಅನ್ನೋ ಮೊದಲ ವರ್ಷದ ಹುಡುಗ ಬಗ್ಗಿ, ಬಿದ್ದು, ಹಿಡಿದ. ಇದೆಲ್ಲ ನನಗೆ ಆಮೇಲೆ ಟಿವಿ ನೋಡಿ ಗೊತ್ತಾಗಿದ್ದು. ರೇಡಿಯೋದಲ್ಲಿ ಕೇಳಿದ್ದು ಬರೀ ಕೂಗು. ಗೆದ್ದೆವೋ ಸೋತೆವೋ ತಿಳಿಯಲಿಲ್ಲ. ಮಿಸೌರಿ ಹುಡುಗರು ತಾವೇ ಗೆದ್ದೆವು ಅಂತ ಮೈದಾನಕ್ಕೆ ನುಗ್ಗಿಬಿಟ್ಟಿದ್ದರು! ಅಜ್ಜ ಸ್ಟೀರಿಂಗ್ ಮೇಲೆ ಹಣೆ ಇಟ್ಟುಕೊಂಡು ಕೂತಿದ್ದರು. ಸಮ ಆಯಿತು ಅಂತ ಗೊತ್ತಾದ ಮೇಲೂ ತಲೆ ಎತ್ತಲಿಲ್ಲ. ಹೆಚ್ಚುವರಿ ಆಟದಲ್ಲಿ 45–38, ಗೆದ್ದೆವು. ಆಮೇಲೆ ಕೆಳಗಿಳಿದು ಹೋಗಿ ಒಂದು ತೆನೆ ಮುರಿದುಕೊಂಡು ಬಂದು ನನ್ನ ಕೈಗೆ ಕೊಟ್ಟರು. ಯಾಕೆ ಅಂತ ಕೇಳಲಿಲ್ಲ. ಆ ಸಾಲು ಅವತ್ತು ಕಟಾವಾಗಲೇ ಇಲ್ಲ.

ಓ, ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಸಮಯ ಜಾಸ್ತಿ ತಗೊಂಡೆ. ಈಗ ಒಂಬತ್ತಕ್ಕೆ ಬರುತ್ತೇನೆ.

ಆ ವರ್ಷವೇ ಆಸ್‌ಬರ್ನ್ ನಿವೃತ್ತಿಯಾದರು. ಅವರ ಕೈಕೆಳಗೆ ಬೆಳೆದ ಫ್ರ್ಯಾಂಕ್ ಸೋಲಿಕ್ ಬಂದರು. ಸುಮ್ನೆ ಬಂದವರಲ್ಲ, ಅದೇ ತಂಡಕ್ಕೆ ಆಡಿದವರು. 2001ರಲ್ಲಿ ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೆ ಒಯ್ದರು. 2002 ಕೆಟ್ಟಿತು, ಏಳು ಗೆಲುವು ಏಳು ಸೋಲು. 2003ರಲ್ಲಿ ಒಂಬತ್ತು ಗೆದ್ದರು, ಮೂರು ಸೋತರು. ಕೊಲರಾಡೊ ವಿರುದ್ಧ ಗೆದ್ದ ಮಾರನೇ ದಿನ ಅವರನ್ನು ತೆಗೆದುಹಾಕಿದರು. ಒಂಬತ್ತು ಗೆದ್ದವರನ್ನು!

ಮುಂದಿನ ವರ್ಷ ಬಿಲ್ ಕ್ಯಾಲಹನ್ ಬಂದು, ಚೆಂಡು ಹಿಡಿದು ಓಡೋ ಹಳೇ ಆಟ ಬಿಟ್ಟು ಎಸೆಯೋ ಆಟ ಹಿಡಿದರು. 5 ಗೆಲುವು, 6 ಸೋಲು. 1961ರ ನಂತರ ಮೊದಲ ಸಲ ಗೆಲುವಿಗಿಂತ ಸೋಲು ಜಾಸ್ತಿ. ಟೆಕ್ಸಸ್ ಟೆಕ್ ಎದುರು 70–10 ಸೋಲು. ಇದು ಕಬಡ್ಡಿ ಸ್ಕೋರ್ ಅಲ್ಲ.

ಸರಿ, ಬುದ್ಧಿ ಬಂತಾ? ಇಲ್ಲ. 2008ರಿಂದ ಕೋಚ್ ಆಗಿದ್ದ ಬೋ ಪೆಲಿನಿ ಏಳು ವರ್ಷವೂ ಒಂಬತ್ತಕ್ಕೆ ಕಡಿಮೆ ಗೆಲ್ಲಲಿಲ್ಲ. ಸಿಡುಕ, ಬಾಯಿ ಜೋರು, ಒಪ್ಪುತ್ತೇನೆ. 2014ರಲ್ಲಿ ಅಯೋವಾ ವಿರುದ್ಧ ಗೆದ್ದು ಎರಡೇ ದಿನಕ್ಕೆ ಅವರನ್ನೂ ಕಳಿಸಿದರು. ಆಗಲೂ ಲೆಕ್ಕ ಅದೇ, ಒಂಬತ್ತು ಗೆಲುವು, ಮೂರು ಸೋಲು. ಮುಂದಿನ ವರ್ಷ ಆರು ಗೆಲುವು, ಏಳು ಸೋಲು.

2018ರಲ್ಲಿ ಮನೆಮಗನನ್ನೇ ಕರೆತಂದರು. ಅದೇ ಸ್ಕಾಟ್ ಫ್ರಾಸ್ಟ್, ನಮ್ಮ ಕಂಬೈನ್ ನಿಲ್ಲಿಸಿದ ಹುಡುಗ. 16 ಗೆದ್ದ, 31 ಸೋತ. 2021ರಲ್ಲಿ ಒಂಬತ್ತು ಸೋಲು, ಒಂಬತ್ತೂ ಹತ್ತಕ್ಕಿಂತ ಕಡಿಮೆ ಅಂತರದಲ್ಲಿ. ನೋಡಿ, ಒಂಬತ್ತು ಹೇಗೆ ತಿರುಗಿ ಬಂತು ಅಂತ.

ಬೇರೆ ಕಾರಣ ಹೇಳುವವರಿದ್ದಾರೆ. ವಿದ್ಯಾರ್ಥಿವೇತನದ ಆಟಗಾರರಿಗೆ 85ರ ಮಿತಿ ಬಂತು, 2011ರಲ್ಲಿ ಹಳೇ ವೈರಿಗಳನ್ನು ಬಿಟ್ಟು ಬಿಗ್ ಟೆನ್ ಗುಂಪಿಗೆ ಹೋದರು, ದೊಡ್ಡ ರಾಜ್ಯದ ಹುಡುಗರು ಈಗ ಚಳಿ ಊರಿಗೆ ಬರಲ್ಲ ಅಂತ. ಇರಲಿ. ಒಂಬತ್ತು ಗೆದ್ದವರನ್ನು ಕಳಿಸಿ ಅಂತ ಯಾವ ಮಿತಿಯೂ ಹೇಳಲಿಲ್ಲ.

ಅಭಿಮಾನಿಗಳು ಮಾತ್ರ ಕುರ್ಚಿ ಬಿಟ್ಟಿಲ್ಲ. 1962ರ ನವೆಂಬರ್‌ನಿಂದ, ಕೋವಿಡ್ ವರ್ಷ ಬಿಟ್ಟರೆ, ಆ ಸ್ಟೇಡಿಯಂನ ಪ್ರತಿ ಮ್ಯಾಚಿಗೂ ಎಲ್ಲಾ ಟಿಕೆಟ್ ಮಾರಾಟ. 2023ರಲ್ಲಿ ಅದೇ ಮೈದಾನದಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ಆಡಿಸಿದಾಗ 92,003 ಜನ ಬಂದರು. ಮ್ಯಾಚ್ ಮುಗಿದ ಮೇಲೆ ಎದುರು ತಂಡಕ್ಕೂ ಚಪ್ಪಾಳೆ ತಟ್ಟೋ ಜನ ಅವರು. ನಮ್ಮ ಅಜ್ಜ ಒಮ್ಮೆ ಫೋನಲ್ಲಿ ಒಪ್ಪಿಕೊಂಡರು, ಸೋಲಿಕ್ ಹೋಗಲಿ ಅಂತ 2003ರಲ್ಲಿ ನಾನೂ ಅಂದಿದ್ದೆ, ಬೇರೆಯವರಿಗೆ ಹೇಳಬೇಡ ಅಂತ. ಇವತ್ತು ಹೇಳಿಬಿಟ್ಟೆ. ಅವರಿಗೆ ಕನ್ನಡ ಬರಲ್ಲ, ಪರವಾಗಿಲ್ಲ.

2024ರ ಡಿಸೆಂಬರ್ ಕೊನೆಯಲ್ಲಿ ಅವರದೇ ಫೋನ್. ನಮಗಿಲ್ಲಿ ಬೆಳಗಿನ ಜಾವ. ಸತತ ಏಳು ವರ್ಷ ಸೋಲೇ ಜಾಸ್ತಿ ಇದ್ದ ತಂಡ, ನ್ಯೂಯಾರ್ಕ್‌ನಲ್ಲಿ ಬಾಸ್ಟನ್ ಕಾಲೇಜನ್ನು 20–15ಕ್ಕೆ ಸೋಲಿಸಿ ಆ ಸೀಸನ್ ಮುಗಿಸಿತ್ತು. ಏಳು ಗೆದ್ದೆವು, ಏಳು, ಅಂತ ಅಜ್ಜ ಎಷ್ಟು ಜೋರಾಗಿ ಕೂಗಿದರೆಂದರೆ ಪಕ್ಕದಲ್ಲಿ ಮಲಗಿದ್ದ ನನ್ನ ಹೆಂಡತಿ ಎದ್ದು ಕೂತು, ಯಾರಿಗೆ ಏನಾಯ್ತು ಅಂದಳು. ನಾನು ಒಂಬತ್ತರ ಮಾತು ಎತ್ತಲಿಲ್ಲ.

ನಮಸ್ಕಾರ. ಸುಳಿನೊಣದ ಬಗ್ಗೆ ಮುಂದಿನ ತಿಂಗಳು ಬರುತ್ತೇನೆ.